ತಾಯಿಗಿಡ ಒಣಗುವ ಮುನ್ನ: ಕಡ್ಡಿಯಿಂದ ಹೂಗಿಡಗಳ ಸಂತತಿ ಉಳಿಸಿಕೊಳ್ಳುವ ಬಗೆ

ಮನೆ ಬದಲಿಸುವಾಗ ಪಾತ್ರೆ, ಪುಸ್ತಕ, ಪೀಠೋಪಕರಣಗಳ ಲೆಕ್ಕವಿಡುವ ನಗರವಾಸಿ ಕುಟುಂಬಗಳು ಹಿತ್ತಲಿನ ಹೂಗಿಡಗಳ ಲೆಕ್ಕವಿಡುವುದು ಅಪರೂಪ. ಹಳೆಯ ಮನೆಯನ್ನು ಕೆಡವಿ ಬಹುಮಹಡಿ ಕಟ್ಟಡ ಕಟ್ಟುವಾಗ ಮೊದಲು ನೆಲಕ್ಕುರುಳುವುದೇ ಕಾಂಪೌಂಡಿನ ಬದಿಯ ದಾಸವಾಳ, ಕಿಟಕಿಗೆ ಹಬ್ಬಿದ ಮಲ್ಲಿಗೆ ಮತ್ತು ಕಟ್ಟೆಯ ಮೇಲಿನ ಸೇವಂತಿಗೆ ಕುಂಡಗಳು. ಹೊಸ ಮನೆಗೆ ನರ್ಸರಿಯಿಂದ ಹೊಸ ಗಿಡ ತರಬಹುದು ನಿಜ. ಆದರೆ ಮೂವತ್ತು ವರ್ಷ ದೇವರ ಪೂಜೆಗೆ ಒದಗಿದ ಅದೇ ಬಣ್ಣದ, ಅದೇ ಸುತ್ತಿನ ಹೂವು ಅಲ್ಲಿ ದೊರೆಯುತ್ತದೆ ಎಂಬ ಖಾತರಿ ಇಲ್ಲ.

ಇಂತಹ ಗಿಡಗಳನ್ನು ಉಳಿಸಿಕೊಳ್ಳಲು ಹಣವಾಗಲಿ, ವಿಶೇಷ ಉಪಕರಣವಾಗಲಿ ಬೇಕಿಲ್ಲ. ಒಂದು ಹರಿತವಾದ ಕತ್ತರಿ, ಒಂದು ಕುಂಡ, ಸ್ವಲ್ಪ ಮರಳು ಹಾಗೂ ಕೆಲವು ವಾರಗಳ ತಾಳ್ಮೆ ಸಾಕು. ಹಳೆ ಮೈಸೂರು ಭಾಗದಲ್ಲಿ 'ಕಡ್ಡಿ ನೆಡುವುದು' ಎಂದೂ, ಕರಾವಳಿಯಲ್ಲಿ 'ಗೆಲ್ಲು ನೆಡುವುದು' ಎಂದೂ ಕರೆಯುವ ಈ ವಿಧಾನವನ್ನು ತೋಟಗಾರಿಕೆಯ ಪರಿಭಾಷೆಯಲ್ಲಿ ಕಾಂಡದ ತುಂಡುಗಳಿಂದ ಸಸ್ಯಾಭಿವೃದ್ಧಿ ಎನ್ನಲಾಗುತ್ತದೆ. ಮುಖ್ಯವಾಗಿ ನೆನಪಿಡಬೇಕಾದ ಸಂಗತಿ ಒಂದೇ: ಕಡ್ಡಿಯನ್ನು ತಾಯಿಗಿಡ ಆರೋಗ್ಯದಿಂದಿರುವಾಗಲೇ ತೆಗೆಯಬೇಕು. ಗಿಡ ಸೊರಗಿದ ಮೇಲೆ ತೆಗೆದ ಕಡ್ಡಿಯಲ್ಲಿ ಬೇರು ಹೊರಡಿಸುವ ಶಕ್ತಿ ಉಳಿದಿರುವುದಿಲ್ಲ.

ಬೀಜ ಏಕೆ ಸಾಲದು?

ಬೀಜದಿಂದ ಹುಟ್ಟಿದ ಸಸಿ ತಂದೆ ಮತ್ತು ತಾಯಿ ಎರಡೂ ಗಿಡಗಳ ಗುಣಗಳನ್ನು ಬೆರೆಸಿಕೊಂಡು ಬರುತ್ತದೆ. ಅನೇಕ ತಳಿಗಳ ಮಿಶ್ರಣದಿಂದ ರೂಪುಗೊಂಡಿರುವ ದಾಸವಾಳ, ಸೇವಂತಿಗೆ, ಡೇಲಿಯಾಗಳಲ್ಲಿ ಬೀಜದ ಸಸಿ ತಾಯಿಯನ್ನು ಹೋಲುವುದು ವಿರಳ. ಕಡುಗೆಂಪು ದಾಸವಾಳದ ಬೀಜದಿಂದ ಬೇರೆಯೇ ಬಣ್ಣದ ಹೂ ಬಿಡುವ ಗಿಡ ಹುಟ್ಟಬಹುದು.

ಕೆಲವು ಗಿಡಗಳಲ್ಲಿ ಬೀಜವೇ ಕಟ್ಟುವುದಿಲ್ಲ. ಹಲವು ಸುತ್ತಿನ ಎಸಳುಗಳಿರುವ ದುಂಡುಮಲ್ಲಿಗೆಯಲ್ಲಿ ಕಾಯಿ ಕಾಣುವುದು ತೀರಾ ಅಪರೂಪ. ಹೂ ಮಾರುಕಟ್ಟೆಗಳಲ್ಲಿ ಹೆಸರಾಗಿರುವ 'ಡೆಲ್ಲಿ ಕನಕಾಂಬರ'ದ ಜೀವಕೋಶಗಳಲ್ಲಿ ವರ್ಣತಂತುಗಳ ಮೂರು ಜೊತೆಗಳಿರುವುದರಿಂದ ಅದು ಬೀಜ ಕಟ್ಟದು. ಅದರ ಸಂತತಿ ಮುಂದುವರಿಯುವುದು ಕಡ್ಡಿಯಿಂದಲೇ. ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಉಡುಪಿ ಮಲ್ಲಿಗೆ, ಮೈಸೂರು ಮಲ್ಲಿಗೆ ಹಾಗೂ ಹಡಗಲಿ ಮಲ್ಲಿಗೆಗಳನ್ನೂ ರೈತರು ತಲೆಮಾರುಗಳಿಂದ ಬೆಳೆಸಿಕೊಂಡು ಬಂದಿರುವುದು ಕಡ್ಡಿ ಮತ್ತು ಬೇರು ಬರಿಸಿದ ರೆಂಬೆಗಳ ಮೂಲಕ. ಕಡ್ಡಿಯಿಂದ ಬೆಳೆದ ಗಿಡ ಗುಣಧರ್ಮದಲ್ಲಿ ತಾಯಿಗಿಡದ ಪ್ರತಿರೂಪ. ಆದ್ದರಿಂದ ಒಂದು ತಳಿಯ ಕೊನೆಯ ಗಿಡ ಸತ್ತರೆ ಆ ತಳಿಯೂ ಅಲ್ಲಿಗೆ ಮುಗಿದಂತೆ.

'ಮೃದು ಬಹುವಾರ್ಷಿಕ' ಎಂದರೇನು?

ಒಂದೇ ಋತುವಿನಲ್ಲಿ ಹೂಬಿಟ್ಟು ಸಾಯುವ ಗಿಡಗಳು ವಾರ್ಷಿಕಗಳು. ವರ್ಷಾನುಗಟ್ಟಲೆ ಬಾಳುವವು ಬಹುವಾರ್ಷಿಕಗಳು. ಬಹುವಾರ್ಷಿಕಗಳಲ್ಲಿ ಹಿಮ ಬಿದ್ದರೆ ಬದುಕಲಾರದ ಗಿಡಗಳನ್ನು ಶೀತದೇಶಗಳ ತೋಟಗಾರರು 'ಮೃದು' ಎಂದು ಪ್ರತ್ಯೇಕಿಸಿದ್ದಾರೆ. ದಕ್ಷಿಣ ಆಫ್ರಿಕಾ ಮೂಲದ ಜೆರೇನಿಯಂ, ಮೆಕ್ಸಿಕೊದ ಡೇಲಿಯಾ, ದಕ್ಷಿಣ ಮತ್ತು ಮಧ್ಯ ಅಮೆರಿಕದ ಫ್ಯೂಷಿಯಾ, ಆಗ್ನೇಯ ಏಷ್ಯಾದ ಕೋಲಿಯಸ್ ಇವುಗಳಲ್ಲಿ ಪ್ರಮುಖವಾದವು.

ಇಂಗ್ಲೆಂಡಿನಲ್ಲಿ 19ನೇ ಶತಮಾನದ ಉದ್ಯಾನಗಳ ವರ್ಣಮಯ ಹೂಪಾತಿಗಳು ಈ ಗಿಡಗಳನ್ನೇ ಅವಲಂಬಿಸಿದ್ದವು. ಬೇಸಿಗೆಯ ಕೊನೆಯಲ್ಲಿ ಕಡ್ಡಿ ಕತ್ತರಿಸಿ, ಚಳಿಗಾಲವಿಡೀ ಗಾಜಿನ ಮನೆಯಲ್ಲಿ ಕಾಪಾಡಿ, ಹಿಮದ ಭಯ ತೀರಿದ ಮೇಲೆ ಮತ್ತೆ ಪಾತಿಗೆ ನೆಡುವುದು ಅಲ್ಲಿನ ಕ್ರಮ. ಇದೇ ಪರಂಪರೆಯಲ್ಲಿ ಪಳಗಿದ ಜರ್ಮನ್ ತೋಟಗಾರಿಕಾ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಲಂಡನ್ನಿನ ಹೈಡ್ ಪಾರ್ಕ್ ಮತ್ತು ಕ್ಯೂ ಉದ್ಯಾನಗಳಲ್ಲಿ ದುಡಿದ ಬಳಿಕ ಬರೋಡಾ ಸಂಸ್ಥಾನಕ್ಕೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಹೈದರ್ ಅಲಿ 1760ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗ್‌ ಬೆಳೆದ ಬಗೆಯಲ್ಲಿ ಅವರ ಪಾತ್ರ ದೊಡ್ಡದು.

ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರಂದು. ಅಂದರೆ ಶೀತದೇಶಗಳಲ್ಲಿ ಒಂದು ಚಳಿಗಾಲವನ್ನೂ ತಾಳದ ಗಿಡಗಳು ಇಲ್ಲಿ ಬಯಲಿನಲ್ಲೇ ವರ್ಷವಿಡೀ ಬಾಳುತ್ತವೆ. ಆದರೆ ಅವುಗಳಿಗೆ ಇಲ್ಲಿ ಬೇರೆ ಶತ್ರುಗಳಿವೆ. ಉತ್ತರ ಕರ್ನಾಟಕದಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು ಜೆರೇನಿಯಂ, ಫ್ಯೂಷಿಯಾಗಳನ್ನು ಸುಡುತ್ತದೆ. ಕರಾವಳಿ ಹಾಗೂ ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಎಡೆಬಿಡದ ಮಳೆಗೆ ಸೇವಂತಿಗೆಯ ಬುಡ ಕೊಳೆಯುತ್ತದೆ. ಇಂಗ್ಲೆಂಡಿನವರು ಚಳಿಗೆ ಮುನ್ನ ಮಾಡುವ ಕೆಲಸವನ್ನು ಇಲ್ಲಿನವರು ಬಿರುಬಿಸಿಲು ಅಥವಾ ಬಿರುಮಳೆಗೆ ಮುನ್ನ ಮಾಡಬೇಕು; ವ್ಯತ್ಯಾಸವಿರುವುದು ಪಂಚಾಂಗದಲ್ಲಿ ಮಾತ್ರ.

ಬೇರು ಮೂಡುವುದು ಹೇಗೆ?

ಕತ್ತರಿಸಿದ ಕಾಂಡದ ಗಾಯದ ಬಳಿ ಇರುವ ಜೀವಕೋಶಗಳು ವಿಭಜನೆಗೊಂಡು ಮೊದಲು ಗಾಯವನ್ನು ಮುಚ್ಚುತ್ತವೆ. ಆ ಬಳಿಕ ಗೆಣ್ಣಿನ ಆಸುಪಾಸಿನ ಕೆಲವು ಕೋಶಗಳು ತಮ್ಮ ಹಿಂದಿನ ಕೆಲಸವನ್ನು ಬಿಟ್ಟು ಬೇರಿನ ಕೋಶಗಳಾಗಿ ಮಾರ್ಪಡುತ್ತವೆ. ಇದಕ್ಕೆ ಪ್ರೇರಕವಾದುದು ಆಕ್ಸಿನ್ ಎಂಬ ಸಸ್ಯ ಹಾರ್ಮೋನು. ಅದು ಚಿಗುರಿನ ತುದಿಯಲ್ಲಿ ಮತ್ತು ಎಳೆಯ ಎಲೆಗಳಲ್ಲಿ ಉತ್ಪತ್ತಿಯಾಗಿ ಬುಡದ ಕಡೆಗೆ ಇಳಿಯುತ್ತದೆ. ಕತ್ತರಿಸಿದ ಕಡ್ಡಿಯಲ್ಲಿ ಮುಂದೆ ಹೋಗಲು ದಾರಿ ಇಲ್ಲದೆ ಬುಡದಲ್ಲೇ ಶೇಖರಗೊಳ್ಳುತ್ತದೆ. ಕಡ್ಡಿಯನ್ನು ತಲೆಕೆಳಗಾಗಿ ನೆಟ್ಟರೆ ಸರಿಯಾಗಿ ಬೇರು ಬಾರದಿರುವುದಕ್ಕೆ ಹಾರ್ಮೋನಿನ ಈ ಏಕಮುಖ ಸಂಚಾರವೇ ಕಾರಣ.

ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್ 1928ರಲ್ಲಿ ಓಟ್ಸ್ ಸಸಿಯ ತುದಿಗಳ ಮೇಲೆ ಪ್ರಯೋಗ ನಡೆಸಿ ಈ ವಸ್ತುವಿನ ಅಸ್ತಿತ್ವವನ್ನು ತೋರಿಸಿಕೊಟ್ಟರು. 1935ರಲ್ಲಿ ಅಮೆರಿಕದ ಬಾಯ್ಸ್ ಥಾಂಪ್ಸನ್ ಸಂಸ್ಥೆಯ ಝಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್, ಇಂಡೋಲ್ ಬ್ಯುಟಿರಿಕ್ ಆಮ್ಲವೂ ಸೇರಿದಂತೆ ಕೆಲವು ರಾಸಾಯನಿಕಗಳು ಬೇರು ಬರಿಸಬಲ್ಲವು ಎಂಬುದನ್ನು ಪ್ರಕಟಿಸಿದರು. ಇಂದು ಗೊಬ್ಬರದ ಅಂಗಡಿಗಳಲ್ಲಿ ಸಿಗುವ ಬೇರಿನ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ ಆಮ್ಲ.

ಬೇರು ಬರುವವರೆಗೆ ಕಡ್ಡಿ ಒಂದು ವಿಚಿತ್ರ ಸ್ಥಿತಿಯಲ್ಲಿರುತ್ತದೆ. ಎಲೆಗಳ ಮೂಲಕ ನೀರು ಹೊರಹೋಗುತ್ತಲೇ ಇರುತ್ತದೆ, ಆದರೆ ಹೀರಿಕೊಳ್ಳಲು ಬೇರಿಲ್ಲ. ಎಲೆಗಳನ್ನೆಲ್ಲ ತೆಗೆದುಹಾಕಿದರೆ ಆಹಾರವೂ ಆಕ್ಸಿನ್ನೂ ಇಲ್ಲವಾಗುತ್ತವೆ. ಆದ್ದರಿಂದ ಎರಡು ಮೂರು ಎಲೆಗಳನ್ನು ಉಳಿಸಿಕೊಂಡು, ಸುತ್ತಲಿನ ಗಾಳಿಯಲ್ಲಿ ತೇವಾಂಶ ಹೆಚ್ಚಿಸುವುದೇ ಈ ವಿದ್ಯೆಯ ಮರ್ಮ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರ ಸುಮಾರಿಗೆ, ಮುಚ್ಚಿದ ಗಾಜಿನ ಪಾತ್ರೆಯೊಳಗೆ ಸಸ್ಯಗಳು ತಮ್ಮದೇ ತೇವಾಂಶದಿಂದ ಬಹುಕಾಲ ಬದುಕುವುದನ್ನು ಗಮನಿಸಿದ್ದರು. ಅವರು ರೂಪಿಸಿದ ಗಾಜಿನ ಪೆಟ್ಟಿಗೆಗಳಲ್ಲಿ ಸಸ್ಯಗಳು ಹಡಗುಗಳ ಮೂಲಕ ಖಂಡಾಂತರ ಪ್ರಯಾಣ ಮಾಡಿದವು. ಕಡ್ಡಿಯ ಮೇಲೆ ಪ್ಲಾಸ್ಟಿಕ್ ಚೀಲ ಕವುಚುವುದರ ಹಿಂದಿರುವುದೂ ಅದೇ ತತ್ವ.

ಕಡ್ಡಿಯಲ್ಲಿ ಮೂರು ಬಗೆ

ಎಳೆಕಡ್ಡಿ: ಹಸಿರಾಗಿರುವ, ಬಾಗಿಸಿದರೆ ಥಟ್ಟನೆ ಮುರಿಯುವ ಹೊಸ ಚಿಗುರು. ಬೇಗ ಬೇರು ಬಿಡುತ್ತದೆ, ಅಷ್ಟೇ ಬೇಗ ಬಾಡುತ್ತದೆ. ಕೋಲಿಯಸ್, ಇಂಪೇಷನ್ಸ್, ಸೇವಂತಿಗೆ, ಡೇಲಿಯಾ, ಫ್ಯೂಷಿಯಾಗಳಿಗೆ ಇದು ಸೂಕ್ತ.

ಅರೆಬಲಿತ ಕಡ್ಡಿ: ಬುಡ ಗಟ್ಟಿಯಾಗಿ, ತುದಿ ಇನ್ನೂ ಹಸಿರಾಗಿರುವ ರೆಂಬೆ. ಮಲ್ಲಿಗೆ, ದಾಸವಾಳ, ಕನಕಾಂಬರಗಳಿಗೆ ಈ ಹಂತ ಪ್ರಶಸ್ತ.

ಬಲಿತ ಕಡ್ಡಿ: ಕಂದು ತೊಗಟೆಯ, ಪೆನ್ಸಿಲ್ ದಪ್ಪದ ರೆಂಬೆ. ಕಾಗದದ ಹೂ ಎಂದು ಕರೆಯಲಾಗುವ ಬೋಗನ್‌ವಿಲ್ಲಾ ಹಾಗೂ ಕಣಗಿಲೆಗಳನ್ನು ಹೀಗೆ ಬೆಳೆಸಬಹುದು. ನಿಧಾನವಾದರೂ ಬೇಗ ಬಾಡುವುದಿಲ್ಲ.

ಯಾವ ಕಾಲ ಸೂಕ್ತ?

ಬೆಂಗಳೂರು, ಮೈಸೂರು, ಹಾಸನ, ತುಮಕೂರು ಮುಂತಾದ ಒಳನಾಡಿನಲ್ಲಿ ಮುಂಗಾರಿನ ಮೋಡ ಕವಿದ ಜೂನ್-ಜುಲೈ ತಿಂಗಳುಗಳು ಕಡ್ಡಿ ನೆಡಲು ಅನುಕೂಲಕರ. ಗಾಳಿಯಲ್ಲಿ ತೇವಾಂಶವಿದ್ದು, ಮಳೆ ಮಿತವಾಗಿರುತ್ತದೆ. ಚಳಿ ಇಳಿದು ಹೊಸ ಚಿಗುರು ಕಾಣಿಸುವ ಫೆಬ್ರುವರಿ ತಿಂಗಳು ಎರಡನೆಯ ಅವಕಾಶ. ಆದರೆ ಮಾರ್ಚ್ ಬಿಸಿಲು ಏರುವ ಮೊದಲು ಬೇರು ಬಂದಿರಬೇಕು.

ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಮಂಗಳೂರು-ಉಡುಪಿ ಭಾಗದಲ್ಲಿ ಮಳೆಗಾಲದ ಆರಂಭದಲ್ಲಿ ಕಡ್ಡಿ ನೆಡುವುದಾದರೆ ಜಗಲಿ ಅಥವಾ ಸೂರಿನಡಿ ಇಡಬೇಕು. ಬಯಲಿನಲ್ಲಿಟ್ಟರೆ ಬೇರು ಬರುವ ಮೊದಲೇ ಬುಡ ಕೊಳೆಯುತ್ತದೆ. ಮಳೆಯ ಅಬ್ಬರ ತಗ್ಗಿದ ಸೆಪ್ಟೆಂಬರ್ ತಿಂಗಳು ಅಲ್ಲಿಗೆ ಹೆಚ್ಚು ಸುರಕ್ಷಿತ. ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿಗಳಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಮಾಡಿ, ಬೇಸಿಗೆಯ ವೇಳೆಗೆ ಗಿಡ ನೆಲೆಗೊಳ್ಳುವಂತೆ ನೋಡಿಕೊಳ್ಳುವುದು ಒಳಿತು.

ಕಾಲ ಯಾವುದೇ ಇರಲಿ, ಕಡ್ಡಿಯನ್ನು ಬೆಳಗಿನ ಹೊತ್ತು ಕತ್ತರಿಸಬೇಕು. ರಾತ್ರಿಯೆಲ್ಲ ನೀರು ಹೀರಿಕೊಂಡ ರೆಂಬೆ ಆಗ ತುಂಬಿಕೊಂಡಿರುತ್ತದೆ.

ಹಂತ ಹಂತವಾಗಿ ವಿಧಾನ

1. ಹಿಂದಿನ ದಿನ ಸಂಜೆ ತಾಯಿಗಿಡಕ್ಕೆ ಚೆನ್ನಾಗಿ ನೀರುಣಿಸಬೇಕು.

2. ಹೂವಾಗಲಿ ಮೊಗ್ಗಾಗಲಿ ಇಲ್ಲದ ರೆಂಬೆಯನ್ನು ಆರಿಸಬೇಕು. ಮೊಗ್ಗು ಇದ್ದರೆ ಚಿವುಟಿಹಾಕಬೇಕು. ಇಲ್ಲವಾದರೆ ಕಡ್ಡಿಯಲ್ಲಿರುವ ಆಹಾರವೆಲ್ಲ ಹೂವಿಗೆ ವ್ಯಯವಾಗುತ್ತದೆ.

3. ಎಳೆಕಡ್ಡಿಯಾದರೆ 7ರಿಂದ 10 ಸೆಂ.ಮೀ., ಅರೆಬಲಿತದ್ದಾದರೆ 10ರಿಂದ 15 ಸೆಂ.ಮೀ., ಬಲಿತದ್ದಾದರೆ 15ರಿಂದ 20 ಸೆಂ.ಮೀ. ಉದ್ದವಿರಲಿ. ಕತ್ತರಿ ಅಥವಾ ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿಕೊಂಡು, ಗೆಣ್ಣಿನ ಕೆಳಗೆ ಅರ್ಧ ಸೆಂ.ಮೀ. ಅಂತರದಲ್ಲಿ ಕತ್ತರಿಸಬೇಕು. ಕಾಂಡ ಜಜ್ಜಿಹೋಗಬಾರದು.

4. ಕೆಳಗಿನ ಎಲೆಗಳನ್ನು ತೆಗೆದು ಮೇಲಿನ ಎರಡು ಮೂರು ಎಲೆಗಳನ್ನಷ್ಟೇ ಉಳಿಸಬೇಕು. ದಾಸವಾಳದಂತಹ ಅಗಲ ಎಲೆಗಳಾದರೆ ಪ್ರತಿ ಎಲೆಯನ್ನೂ ಅರ್ಧಕ್ಕೆ ಕತ್ತರಿಸಬಹುದು. ಮಣ್ಣಿನೊಳಗೆ ಹೋಗುವ ಭಾಗದಲ್ಲಿ ಎಲೆ ಇದ್ದರೆ ಅದು ಕೊಳೆತು ಕಾಂಡಕ್ಕೂ ಹರಡುತ್ತದೆ.

5. ಬೇರಿನ ಪುಡಿ ಬಳಸುವುದಾದರೆ ಸ್ವಲ್ಪ ಭಾಗವನ್ನು ಬೇರೆ ತಟ್ಟೆಗೆ ಹಾಕಿಕೊಂಡು, ಕಡ್ಡಿಯ ತುದಿಯನ್ನು ಅದ್ದಿ, ಹೆಚ್ಚಾದದ್ದನ್ನು ಕೊಡವಬೇಕು. ಎಳೆಕಡ್ಡಿಗೆ ಶೇ 0.1, ಅರೆಬಲಿತಕ್ಕೆ ಶೇ 0.3, ಬಲಿತದ್ದಕ್ಕೆ ಶೇ 0.8ರ ಪ್ರಮಾಣದ ಪುಡಿಗಳು ರೂಢಿಯಲ್ಲಿವೆ. ಪ್ರಮಾಣ ಮೀರಿದರೆ ಬುಡ ಕಪ್ಪಾಗುತ್ತದೆ. ಸುಲಭವಾಗಿ ಬೇರು ಬಿಡುವ ಗಿಡಗಳಿಗೆ ಪುಡಿಯ ಅಗತ್ಯವೇ ಇಲ್ಲ. ಮನೆಗಳಲ್ಲಿ ಲೋಳೆಸರದ ರಸ ಹಚ್ಚುವ ರೂಢಿಯೂ ಇದೆ. ಆದರೆ ಕಡ್ಡಿಯೇ ಸೊರಗಿದ್ದರೆ ಯಾವ ಲೇಪವೂ ಅದನ್ನು ಉಳಿಸದು.

6. ಕುಂಡಕ್ಕೆ ತೊಳೆದ ಮರಳು ಮತ್ತು ತೆಂಗಿನ ನಾರಿನ ಪುಡಿಯನ್ನು ಸಮಪ್ರಮಾಣದಲ್ಲಿ ಬೆರೆಸಿ ತುಂಬಬೇಕು. ಹೊಳೆ ಮರಳಿನ ಬದಲು ಎಂ-ಸ್ಯಾಂಡ್ ಬಳಸುವುದಾದರೆ ಅದರಲ್ಲಿನ ನುಣ್ಣನೆಯ ಧೂಳು ಹೋಗುವವರೆಗೆ ತೊಳೆಯಬೇಕು. ನಾರಿನ ಪುಡಿಯಲ್ಲಿ ಉಪ್ಪಿನಂಶವಿರುವುದರಿಂದ ಅದನ್ನೂ ಎರಡು ಮೂರು ಬಾರಿ ನೀರಿನಲ್ಲಿ ನೆನೆಸಿ ಹಿಂಡಬೇಕು. ಈ ಹಂತದಲ್ಲಿ ಕೊಟ್ಟಿಗೆ ಗೊಬ್ಬರವಾಗಲಿ ರಾಸಾಯನಿಕ ಗೊಬ್ಬರವಾಗಲಿ ಬೇಡ. ಬೇರಿಲ್ಲದ ಕಡ್ಡಿಗೆ ಗೊಬ್ಬರದಿಂದ ಪ್ರಯೋಜನವಿಲ್ಲ, ಕೊಳೆರೋಗಕ್ಕೆ ಮಾತ್ರ ಆಹ್ವಾನ.

7. ಕಡ್ಡಿಯನ್ನು ನೇರವಾಗಿ ಚುಚ್ಚದೆ, ಮೊದಲು ಬೇರೊಂದು ಕೋಲಿನಿಂದ ರಂಧ್ರ ಮಾಡಿ, ಮೂರನೇ ಒಂದು ಭಾಗ ಒಳಹೋಗುವಂತೆ ಇಟ್ಟು ಸುತ್ತಲೂ ಅದುಮಬೇಕು. ಕನಿಷ್ಠ ಒಂದು ಗೆಣ್ಣು ಒಳಗಿರಲಿ. ಒಂದೇ ಕಡ್ಡಿಯನ್ನು ನಂಬದೆ ಐದಾರು ಕಡ್ಡಿಗಳನ್ನು ನೆಡುವುದು ಜಾಣತನ.

8. ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಚೀಲ ಅಥವಾ ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಕವುಚಬೇಕು. ನೇರ ಬಿಸಿಲು ಬೀಳದ, ಆದರೆ ಬೆಳಕು ಚೆನ್ನಾಗಿರುವ ಜಾಗದಲ್ಲಿ ಇಡಬೇಕು. ಬಿಸಿಲಿನಲ್ಲಿಟ್ಟರೆ ಚೀಲದೊಳಗಿನ ಕಡ್ಡಿ ಬೆಂದುಹೋಗುತ್ತದೆ. ಎರಡು ದಿನಕ್ಕೊಮ್ಮೆ ಕೆಲವು ನಿಮಿಷ ಚೀಲ ತೆಗೆದು ಗಾಳಿಯಾಡಿಸಬೇಕು.

9. ಮಿಶ್ರಣ ತೇವವಾಗಿರಬೇಕೇ ಹೊರತು ಕೆಸರಾಗಬಾರದು. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರುವಷ್ಟು ತೇವ ಸಾಕು.

10. ಬೇರು ಬಂದಿದೆಯೇ ಎಂದು ಕಡ್ಡಿಯನ್ನು ಕಿತ್ತು ನೋಡುವುದು ಬಹುತೇಕರು ಮಾಡುವ ತಪ್ಪು. ಹೊಸ ಬೇರುಗಳು ಕೂದಲೆಳೆಯಷ್ಟು ನಾಜೂಕು. ಒಮ್ಮೆ ಕಿತ್ತರೆ ಮುರಿಯುತ್ತವೆ. ಮೆಲ್ಲನೆ ಎಳೆದಾಗ ಕಡ್ಡಿ ಬಿಗಿಯಾಗಿ ನಿಂತರೆ ಬೇರು ಹಿಡಿದಿದೆ ಎಂದರ್ಥ. ಹೊಸ ಚಿಗುರು ಕಂಡ ಮಾತ್ರಕ್ಕೆ ಬೇರು ಬಂದಿದೆಯೆಂದು ನಂಬಬಾರದು. ಬಲಿತ ಕಡ್ಡಿಗಳು ತಮ್ಮಲ್ಲಿ ಉಳಿದ ಆಹಾರದಿಂದಲೇ ಚಿಗುರಿ ಆಮೇಲೆ ಒಣಗುವುದುಂಟು.

ಗಿಡವಾರು ವಿವರ

ದೊಡ್ಡಪತ್ರೆ ಮತ್ತು ಕೋಲಿಯಸ್: ಒಂದೇ ಕುಲಕ್ಕೆ ಸೇರಿದ ಇವೆರಡೂ ಹೊಸದಾಗಿ ಕಲಿಯುವವರಿಗೆ ಉತ್ತಮ ಪಾಠ. ಒಂದರಿಂದ ಎರಡು ವಾರಗಳಲ್ಲಿ ಬೇರು ಬಿಡುತ್ತವೆ. ದೊಡ್ಡಪತ್ರೆಯ ಕಾಂಡದಲ್ಲಿ ನೀರಿನಂಶ ಹೆಚ್ಚು. ಅದರ ಮೇಲೆ ಚೀಲ ಕವುಚುವ ಅಗತ್ಯವಿಲ್ಲ.

ಸೇವಂತಿಗೆ: ಹೂವಿನ ಕಾಲ ಮುಗಿದ ಮೇಲೆ ಗಿಡವನ್ನು ಮೋಟಾಗಿ ಕತ್ತರಿಸಿದರೆ ಬುಡದಿಂದ ಮರಿಗಳು ಏಳುತ್ತವೆ. ಬೇರಿನ ಸಮೇತ ಅವನ್ನು ಬೇರ್ಪಡಿಸಬಹುದು, ಅಥವಾ ಅವುಗಳ ತುದಿಯಿಂದ 5ರಿಂದ 7 ಸೆಂ.ಮೀ. ಕಡ್ಡಿ ತೆಗೆಯಬಹುದು. ಎರಡು ಮೂರು ವಾರಗಳಲ್ಲಿ ಬೇರು ಬರುತ್ತದೆ. ಹಗಲು ಕಿರಿದಾದಾಗ ಮೊಗ್ಗು ಕಟ್ಟುವ ಗಿಡ ಇದಾದ್ದರಿಂದ, ಏಪ್ರಿಲ್‌ನಿಂದ ಜೂನ್‌ನೊಳಗೆ ಬೇರು ಬರಿಸಿದ ಸಸಿಗಳು ನವೆಂಬರ್ ವೇಳೆಗೆ ಹೂವಿಗೆ ಸಿದ್ಧವಾಗುತ್ತವೆ.

ಜೆರೇನಿಯಂ: ಎಲ್ಲ ಗಿಡಗಳಿಗೂ ಒಂದೇ ಉಪಚಾರವಲ್ಲ ಎಂಬುದಕ್ಕೆ ಇದು ನಿದರ್ಶನ. ಕತ್ತರಿಸಿದ ಕಡ್ಡಿಯನ್ನು ನೆರಳಿನಲ್ಲಿ ಕೆಲವು ಗಂಟೆ ಆರಲು ಬಿಟ್ಟು, ಗಾಯ ಒಣಗಿದ ಬಳಿಕ ನೆಡಬೇಕು. ಚೀಲ ಕವುಚಬಾರದು. ತೇವ ಹೆಚ್ಚಾದರೆ ಬುಡ ಕಪ್ಪಾಗಿ ಕೊಳೆಯುತ್ತದೆ. ಬೇರು ಬರಲು ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ.

ಕನಕಾಂಬರ: ಹೂತೆನೆ ಬಿಡದ ತುದಿಯ ರೆಂಬೆಗಳನ್ನು ಆರಿಸಿ, ನೆರಳಿನಲ್ಲಿ ಚೀಲ ಕವುಚಿ ಇಟ್ಟರೆ ಮೂರರಿಂದ ನಾಲ್ಕು ವಾರಗಳಲ್ಲಿ ಬೇರು ಕಾಣಿಸುತ್ತದೆ.

ಮಲ್ಲಿಗೆ: ಮೂರು ನಾಲ್ಕು ಗೆಣ್ಣುಗಳಿರುವ ಅರೆಬಲಿತ ಕಡ್ಡಿ ಬೇಕು. ಬೇರಿನ ಪುಡಿಯಿಂದ ಅನುಕೂಲವಾಗುತ್ತದೆ. ಒಂದರಿಂದ ಎರಡು ತಿಂಗಳು ಕಾಯಬೇಕು. ಕಡ್ಡಿ ಹಿಡಿಯದಿದ್ದರೆ, ತಾಯಿಗಿಡದ ಉದ್ದನೆಯ ರೆಂಬೆಯನ್ನು ಬಾಗಿಸಿ ಒಂದು ಗೆಣ್ಣನ್ನು ಮಣ್ಣಿನಲ್ಲಿ ಹೂತು ಕಲ್ಲಿಟ್ಟರೆ, ತಾಯಿಯ ಆಸರೆಯಲ್ಲೇ ಬೇರು ಬರುತ್ತದೆ. ನಂತರ ಕತ್ತರಿಸಿ ಬೇರ್ಪಡಿಸಬಹುದು.

ದಾಸವಾಳ: ಹಳೆಯ ಒಂಟಿ ಸುತ್ತಿನ ಕೆಂಪು ದಾಸವಾಳ ಸುಲಭವಾಗಿ ಹಿಡಿಯುತ್ತದೆ. ದೊಡ್ಡ ಹೂವಿನ ಹೊಸ ಮಿಶ್ರತಳಿಗಳು ಮೊಂಡು. ನರ್ಸರಿಗಳಲ್ಲಿ ಅವನ್ನು ಕಸಿ ಕಟ್ಟಿ ಬೆಳೆಸುವುದುಂಟು. ಸಾಮಾನ್ಯವಾಗಿ ಒಂದರಿಂದ ಎರಡು ತಿಂಗಳು ಬೇಕು.

ಬೋಗನ್‌ವಿಲ್ಲಾ: ಎಲೆ ತೆಗೆದ ಬಲಿತ ಕಡ್ಡಿಯನ್ನು ಓರೆಯಾಗಿ ನೆಡುವುದು ರೂಢಿ. ಆರರಿಂದ ಹತ್ತು ವಾರ ಹಿಡಿಯಬಹುದು. ಬೇರು ಅತಿ ನಾಜೂಕಾದ್ದರಿಂದ ಕುಂಡ ಬದಲಿಸುವಾಗ ಮಣ್ಣಿನ ಹೆಂಟೆ ಒಡೆಯಬಾರದು.

ನೀರಿನ ಬಾಟಲಿ: ಸೊಳ್ಳೆಯ ಬಗ್ಗೆ ಎಚ್ಚರ

ಅಡುಗೆಮನೆಯ ಕಿಟಕಿಯಲ್ಲಿ ನೀರು ತುಂಬಿದ ಬಾಟಲಿಯಲ್ಲಿ ಕಡ್ಡಿ ಇಡುವುದು ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯ. ಕೋಲಿಯಸ್, ಇಂಪೇಷನ್ಸ್, ಮನಿ ಪ್ಲಾಂಟ್‌ಗಳು ಹೀಗೆಯೂ ಬೇರು ಬಿಡುತ್ತವೆ. ಆದರೆ ನೀರಿನಲ್ಲಿ ಬಂದ ಬೇರು ಮಣ್ಣಿಗೆ ಒಗ್ಗಿಕೊಳ್ಳಲು ಸಮಯ ಬೇಕು. ಬೇರು ಎರಡು ಮೂರು ಸೆಂ.ಮೀ. ಆದೊಡನೆ ಕುಂಡಕ್ಕೆ ವರ್ಗಾಯಿಸುವುದು ಲೇಸು.

ಇದಕ್ಕಿಂತ ಮುಖ್ಯವಾದ ಸಂಗತಿ ಆರೋಗ್ಯಕ್ಕೆ ಸಂಬಂಧಿಸಿದ್ದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಮನೆಯ ಒಳಗೆ ಮತ್ತು ಸುತ್ತಮುತ್ತ ನಿಂತ ಇಂತಹ ನೀರಿನಲ್ಲೇ. ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ಬಾಟಲಿಯ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ, ಒಳಭಾಗವನ್ನು ಉಜ್ಜಿ ತೊಳೆದು, ಹೊಸ ನೀರು ತುಂಬಬೇಕು. ಕುಂಡದಡಿಯ ತಟ್ಟೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ಕಡ್ಡಿಯೊಡನೆ ರೋಗವೂ ಬರಬಹುದು

ಕಡ್ಡಿ ತಾಯಿಗಿಡದ ಗುಣಗಳನ್ನಷ್ಟೇ ಅಲ್ಲ, ಅದರ ರೋಗಗಳನ್ನೂ ಹೊತ್ತು ತರುತ್ತದೆ. 2003ರಲ್ಲಿ ಕೆನ್ಯಾದಿಂದ ಅಮೆರಿಕಕ್ಕೆ ರವಾನೆಯಾದ ಜೆರೇನಿಯಂ ಕಡ್ಡಿಗಳಲ್ಲಿ ಸೊರಗು ರೋಗದ ದುಂಡಾಣು ಪತ್ತೆಯಾಗಿ, ಅಲ್ಲಿನ ಹಸಿರುಮನೆಗಳಲ್ಲಿ ಅಪಾರ ಸಂಖ್ಯೆಯ ಗಿಡಗಳನ್ನು ನಾಶಪಡಿಸಬೇಕಾಯಿತು. ಆಲೂಗಡ್ಡೆ ಬೆಳೆಗೂ ಮಾರಕವಾದ ಅದೇ ದುಂಡಾಣು 2020ರಲ್ಲಿ ಗ್ವಾಟೆಮಾಲಾದಿಂದ ಬಂದ ಕಡ್ಡಿಗಳಲ್ಲಿ ಮತ್ತೆ ಕಾಣಿಸಿಕೊಂಡಿತು.

ಮನೆಯ ಮಟ್ಟದಲ್ಲೂ ಈ ಎಚ್ಚರ ಬೇಕು. ಎಲೆಗಳಲ್ಲಿ ಹಳದಿ ಮಚ್ಚೆ, ಮುರುಟು, ಕುಬ್ಜ ಬೆಳವಣಿಗೆ ಕಂಡುಬಂದ ಗಿಡಕ್ಕೆ ನಂಜುರೋಗ ತಗುಲಿರಬಹುದು. ಅದರಿಂದ ಕಡ್ಡಿ ತೆಗೆಯಬಾರದು. ದಾಸವಾಳದ ಗೆಣ್ಣುಗಳಲ್ಲಿ ಬಿಳಿ ಹತ್ತಿಯಂತೆ ಅಂಟಿಕೊಳ್ಳುವ ಹಿಟ್ಟು ತಿಗಣೆಯನ್ನು ತೊಳೆದ ಬಳಿಕವೇ ಕಡ್ಡಿಯನ್ನು ಮನೆಯೊಳಗೆ ತರಬೇಕು. ಹೊಸದಾಗಿ ತಂದ ಗಿಡವನ್ನು ಎರಡು ವಾರ ಇತರ ಕುಂಡಗಳಿಂದ ದೂರವಿಡುವುದು ಕ್ಷೇಮ.

ಕಣಗಿಲೆಯ ಎಲ್ಲ ಭಾಗಗಳೂ ವಿಷಯುಕ್ತ. ಗೋಸಂಪಿಗೆ ಮತ್ತು ಕಳ್ಳಿ ಜಾತಿಯ ಗಿಡಗಳ ಬಿಳಿ ಹಾಲು ಕಣ್ಣಿಗೆ ಬಿದ್ದರೆ ತೀವ್ರ ಹಾನಿಯಾಗಬಹುದು. ಇವುಗಳ ಕಡ್ಡಿ ಕತ್ತರಿಸುವಾಗ ಕೈಗವಸು ಧರಿಸಿ, ಮಕ್ಕಳು ಮತ್ತು ಸಾಕುಪ್ರಾಣಿಗಳನ್ನು ದೂರವಿಡಬೇಕು.

ಹೊರದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ಊರಿನ ಮಲ್ಲಿಗೆಯ ಕಡ್ಡಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಲು ಬಯಸುವುದು ಸಹಜ. ಆದರೆ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಕಡ್ಡಿ ಒಯ್ದರೆ ಅಮೆರಿಕ, ಆಸ್ಟ್ರೇಲಿಯಾ ಮುಂತಾದ ದೇಶಗಳ ವಿಮಾನ ನಿಲ್ದಾಣಗಳಲ್ಲಿ ಅದನ್ನು ವಶಪಡಿಸಿಕೊಳ್ಳಲಾಗುತ್ತದೆ. ಘೋಷಿಸದೆ ಬಚ್ಚಿಟ್ಟಿದ್ದರೆ ದಂಡವನ್ನೂ ತೆರಬೇಕಾಗಬಹುದು. ಭಾರತಕ್ಕೆ ಸಸ್ಯ ತರುವುದಕ್ಕೂ 2003ರ ಸಸ್ಯ ಸಂಗರೋಧ ಆದೇಶದ ನಿರ್ಬಂಧಗಳಿವೆ.

ಬೇರು ಬಂದ ಮೇಲೆ

ಬೇರು ಹಿಡಿದ ಕಡ್ಡಿಯನ್ನು ಒಮ್ಮೆಲೇ ಬಿಸಿಲಿಗೆ ಒಡ್ಡಬಾರದು. ಚೀಲವನ್ನು ಮೊದಲ ದಿನ ಒಂದು ಗಂಟೆ, ಮರುದಿನ ಎರಡು ಗಂಟೆ ಎಂಬಂತೆ ತೆರೆಯುತ್ತ, ಒಂದು ವಾರದಲ್ಲಿ ಪೂರ್ಣವಾಗಿ ತೆಗೆಯಬೇಕು. ಬಳಿಕ ಕೆಂಪು ಮಣ್ಣು, ಮರಳು, ಎರೆಗೊಬ್ಬರ ಬೆರೆಸಿದ ಚಿಕ್ಕ ಕುಂಡಕ್ಕೆ ವರ್ಗಾಯಿಸಿ, ಬೆಳಗಿನ ಎಳೆಬಿಸಿಲಿಗೆ ಅಭ್ಯಾಸ ಮಾಡಿಸಬೇಕು. ಮೊದಲ ಹೂವಿಗೆ ಆತುರಪಡದೆ ತುದಿಯನ್ನು ಒಮ್ಮೆ ಚಿವುಟಿದರೆ ಗಿಡ ಕವಲೊಡೆದು ಪೊದೆಯಾಗುತ್ತದೆ.

ದೂರದ ಊರಿನಿಂದ ಕಡ್ಡಿ ತರುವಾಗ ಬುಡವನ್ನು ಒದ್ದೆ ಬಟ್ಟೆ ಅಥವಾ ಪತ್ರಿಕೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿರಿಸಿ ತಂಪಾದ ಕಡೆ ಇಡಬೇಕು. ನಿಲ್ಲಿಸಿದ ಕಾರಿನೊಳಗೆ ಬಿಸಿಲಿನಲ್ಲಿ ಬಿಟ್ಟರೆ ಅರ್ಧ ಗಂಟೆಯಲ್ಲೇ ಎಲ್ಲ ಶ್ರಮ ವ್ಯರ್ಥ.

ಕದ್ದು ತಂದ ಗಿಡವೇ ಚೆನ್ನಾಗಿ ಬರುತ್ತದೆ ಎಂಬ ಮಾತು ನಮ್ಮ ಊರುಗಳಲ್ಲಿ ಪ್ರಚಲಿತ. ಆದರೆ ಸಾರ್ವಜನಿಕ ಉದ್ಯಾನಗಳಲ್ಲಿ ರೆಂಬೆ ಮುರಿಯುವುದು ನಿಯಮಬಾಹಿರ, ಕೇಳಿದರೆ ಇಲ್ಲವೆನ್ನುವ ನೆರೆಯವರೂ ಕಡಿಮೆ. ವಾಸ್ತವವಾಗಿ ಕಡ್ಡಿಯನ್ನು ಕೇಳುವುದಕ್ಕಿಂತ ಕೊಡುವುದರಿಂದಲೇ ಹೆಚ್ಚು ಲಾಭ. ಒಂದೇ ಮನೆಯಲ್ಲಿರುವ ಒಂದೇ ಗಿಡ ಒಂದು ಬೇಸಿಗೆಗೆ, ಒಂದು ರೋಗಕ್ಕೆ ಅಥವಾ ಒಂದು ಜೆಸಿಬಿ ಯಂತ್ರಕ್ಕೆ ಬಲಿಯಾಗಬಹುದು. ಅದೇ ಗಿಡ ಮೂರು ಮನೆಗಳಲ್ಲಿದ್ದರೆ, ಒಂದೆಡೆ ಹೋದಾಗ ಮತ್ತೊಂದೆಡೆಯಿಂದ ಮರಳಿ ತರಬಹುದು.

ಮನೆ ಕೆಡವುವ ಅಥವಾ ಬದಲಿಸುವ ದಿನಾಂಕ ಗೊತ್ತಿದ್ದರೆ, ಅದಕ್ಕೆ ಕನಿಷ್ಠ ಮೂರು ತಿಂಗಳು ಮೊದಲು ಕಡ್ಡಿ ನೆಡಬೇಕು. ಮಲ್ಲಿಗೆ, ದಾಸವಾಳಗಳಿಗೆ ಬೇರು ಬರಲು ಎರಡು ತಿಂಗಳು, ಮೊದಲ ಪ್ರಯತ್ನ ವಿಫಲವಾದರೆ ಮತ್ತೆ ಕಡ್ಡಿ ನೆಡಲು ಇನ್ನೊಂದು ತಿಂಗಳು ಎಂದು ಲೆಕ್ಕ. ಪ್ರತಿ ಕುಂಡದ ಮೇಲೂ ಗಿಡದ ಹೆಸರು, ಯಾರ ಮನೆಯದು, ನೆಟ್ಟ ದಿನಾಂಕ ಇಷ್ಟನ್ನು ಬರೆದಿಡಬೇಕು.